ಮೂರು ಫೇಸ್ ಸಂಪರ್ಕದಲ್ಲಿ ಪವರ್ ಫ್ಯಾಕ್ಟರ್: ಅಳತೆ ಮತ್ತು ಲೆಕ್ಕ

ಬೆಟ್ಟದಪುರದ ಹಿಟ್ಟಿನ ಗಿರಣಿಯಾಗಲಿ, ಕೃಷ್ಣರಾಜನಗರದ ಅಕ್ಕಿ ಗಿರಣಿಯಾಗಲಿ, ಅಲ್ಲಿನ ಇಂಡಕ್ಷನ್ ಮೋಟಾರು ಕೆಲಸಕ್ಕೆ ಬೇಕಾದ ಕಿಲೋವ್ಯಾಟ್ ಅಲ್ಲದೆ ಕಾಂತಕ್ಷೇತ್ರಕ್ಕಾಗಿ ಹೆಚ್ಚುವರಿ ಕರೆಂಟನ್ನೂ ಎಳೆಯುತ್ತದೆ. ಕಿಲೋವ್ಯಾಟನ್ನು ಒಟ್ಟು ಕೆ.ವಿ.ಎ.ಯಿಂದ ಭಾಗಿಸಿದಾಗ ದೊರೆಯುವುದೇ ಪವರ್ ಫ್ಯಾಕ್ಟರ್. ಅದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ದರಪಟ್ಟಿಯ ಮಿತಿಗಿಂತ ಇಳಿದರೆ ಸರ್‌ಚಾರ್ಜ್ ತೆರಬೇಕಾಗುತ್ತದೆ. ಆದ್ದರಿಂದ ಉದ್ದಿಮೆದಾರರು ಈ ಲೆಕ್ಕವನ್ನು ಸ್ವತಃ ಅರಿತಿರುವುದು ಲೇಸು.

ಅಳತೆ: ಗಿರಣಿಯು ಎಂದಿನ ಹೊರೆಯಲ್ಲಿ ನಡೆಯುತ್ತಿರುವಾಗಲೇ ಅಳೆಯಬೇಕು, ಬರಿದೆ ತಿರುಗುವ ಮೋಟಾರಿನ ಪವರ್ ಫ್ಯಾಕ್ಟರ್ ತೀರಾ ಕಡಿಮೆ. ಮೀಟರಿನ ಮೇಲೆ ಯೂನಿಟ್ಟಿಗೆ 1200 ಮಿಣುಕು ಎಂದಿದ್ದು, 18 ಸೆಕೆಂಡಿನಲ್ಲಿ ದೀಪವು 60 ಬಾರಿ ಮಿಣುಕಿತೆನ್ನೋಣ.

ಕಿಲೋವ್ಯಾಟ್ = 60 × 3600 ÷ (1200 × 18) = 10

ಅದೇ ವೇಳೆಯಲ್ಲಿ ಫೇಸುಗಳ ನಡುವೆ 415 ವೋಲ್ಟ್, ಕ್ಲ್ಯಾಂಪ್ ಮೀಟರಿನಲ್ಲಿ ಮೂರು ತಂತಿಗಳ ಸರಾಸರಿ 20 ಆಂಪಿಯರ್ ಇದ್ದರೆ,

ಕೆ.ವಿ.ಎ. = 1.732 × 415 × 20 ÷ 1000 = 14.4
ಪವರ್ ಫ್ಯಾಕ್ಟರ್ = 10 ÷ 14.4 = 0.70 (ಸುಮಾರು)

ಮೀಟರಿಗೆ ಸಿ.ಟಿ. ಜೋಡಿಸಿದ್ದಲ್ಲಿ ಅದರ ಗುಣಕದಿಂದ ಕಿಲೋವ್ಯಾಟನ್ನು ಗುಣಿಸಬೇಕಾದೀತು.

ಪರಿಹಾರ: 0.70ರಿಂದ 0.95ಕ್ಕೆ ಏರಿಸಲು ಪ್ರತಿ ಕಿಲೋವ್ಯಾಟಿಗೆ ಸುಮಾರು 0.69 ಕೆ.ವಿ.ಎ.ಆರ್. ಬೇಕು. ಅಂದರೆ ಇಲ್ಲಿ 7 ಕೆ.ವಿ.ಎ.ಆರ್. ಕೆಪಾಸಿಟರ್ ಸಾಕು, ಮೀಟರಿನಲ್ಲಿ ಹಾಯುವ ಕರೆಂಟು 14.6 ಆಂಪಿಯರಿಗೆ ಇಳಿಯುತ್ತದೆ. ಅಗತ್ಯಕ್ಕಿಂತ ದೊಡ್ಡ ಕೆಪಾಸಿಟರ್ ಹಾಕುವುದು, ಮೋಟಾರು ನಿಂತ ಮೇಲೂ ಅದನ್ನು ಲೈನಿನಲ್ಲಿ ಬಿಡುವುದು ತರವಲ್ಲ. ಸ್ವಿಚ್ಚು ತೆಗೆದ ಬಳಿಕವೂ ಅದರಲ್ಲಿ ವಿದ್ಯುತ್ತು ಉಳಿದಿರುವುದರಿಂದ, ಜೋಡಣೆ ಹಾಗೂ ಪೆಟ್ಟಿಗೆ ತೆರೆದು ಮಾಡುವ ಅಳತೆಯನ್ನು ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ನರಿಗೇ ಒಪ್ಪಿಸತಕ್ಕದ್ದು.