ಮರವಿಲ್ಲದ ಬಯಲಿನ ಅರವಟ್ಟಿಗೆಗಳು

ದಾರಿಯ ಉದ್ದವನ್ನು ಅಳೆಯುವುದಕ್ಕೆ ಎರಡು ಬಗೆಗಳುಂಟು. ಮೈಲಿಗಲ್ಲುಗಳನ್ನು ಎಣಿಸುವುದು ಒಂದು. ಒಂದು ತಂಗುದಾಣದಿಂದ ಮುಂದಿನ ತಂಗುದಾಣಕ್ಕೆ ಇರುವ ದೂರವನ್ನು ನೋಡುವುದು ಇನ್ನೊಂದು. ದಾರಿಹೋಕನಿಗೆ ಮೊದಲನೆಯದಕ್ಕಿಂತ ಎರಡನೆಯ ಲೆಕ್ಕವೇ ಮುಖ್ಯ. ನೂರು ಮೈಲಿಯ ದಾರಿಯಾದರೂ ಹತ್ತು ಮೈಲಿಗೊಂದು ಸಿಹಿನೀರಿನ ಬಾವಿಯಿದ್ದರೆ ಅವನು ಎದೆಗುಂದದೆ ನಡೆಯುತ್ತಾನೆ. ಈ ಮಾತನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿದುದಾಗಿ ಅಶೋಕ ಚಕ್ರವರ್ತಿಯು ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬೇಸಗೆಯಲ್ಲಿ ಅರವಟ್ಟಿಗೆಯನ್ನು ಇಡಿಸಿ, ಬಳಲಿ ಬಂದವರಿಗೆ ನೀರು ಮಜ್ಜಿಗೆಗಳನ್ನು ಕೊಡುವುದು ಪುಣ್ಯದ ಕೆಲಸವೆಂದು ಕನ್ನಡ ನಾಡಿನ ಜನರು ಬಹುಕಾಲದಿಂದ ನಂಬಿದ್ದಾರೆ.

ಕಾಲ ಬದಲಾದಂತೆ ವಾಹನಗಳು ಬದಲಾದುವು. ಎತ್ತಿಗೆ ಹುಲ್ಲು, ಕುದುರೆಗೆ ಹುರುಳಿ, ಮೋಟಾರಿಗೆ ಪೆಟ್ರೋಲು ಬೇಕಾದಂತೆ ಇಂದಿನ ವಿದ್ಯುತ್ ಕಾರಿಗೆ ವಿದ್ಯುತ್ತು ಬೇಕು. ಊರೊಳಗೆ ಓಡಾಡುವ ಕಾರಿಗೆ ಇದು ದೊಡ್ಡ ಸಮಸ್ಯೆಯಲ್ಲ. ರಾತ್ರಿ ಮನೆಯಲ್ಲಿಯೇ ಅದನ್ನು ಚಾರ್ಜು ಮಾಡಬಹುದು. ಊರಿಲ್ಲದ, ನೀರಿಲ್ಲದ, ವಿದ್ಯುತ್ ಕಂಬವೂ ಇಲ್ಲದ ಬಯಲಿನಲ್ಲಿ ಸಾವಿರಾರು ಕಿಲೋಮೀಟರು ಹೋಗಬೇಕಾದವರ ಪಾಡೇನು? ಆಸ್ಟ್ರೇಲಿಯ ದೇಶದ ನಲ್ಲರ್ಬಾರ್ ಬಯಲಿನ ಹೆದ್ದಾರಿಯು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡ ಬಗೆ ತಿಳಿಯತಕ್ಕದ್ದಾಗಿದೆ.

ನಲ್ಲರ್ಬಾರ್ ಎಂಬ ಹೆಸರು ಲ್ಯಾಟಿನ್ ಭಾಷೆಯದು. ‘ಒಂದು ಮರವೂ ಇಲ್ಲ’ ಎಂಬುದು ಅದರ ಅರ್ಥ. ಆಸ್ಟ್ರೇಲಿಯದ ದಕ್ಷಿಣ ಕರಾವಳಿಗೆ ತಾಗಿಕೊಂಡು ಸುಮಾರು 2,00,000 ಚದರ ಕಿಲೋಮೀಟರು ಹರಡಿರುವ ಈ ಬಯಲು ಸುಣ್ಣಕಲ್ಲಿನ ನೆಲ. ಬಿದ್ದ ಮಳೆಯನ್ನು ನೆಲವು ಹೀರಿಕೊಳ್ಳುವುದರಿಂದ ಹರಿಯುವ ಹೊಳೆಯೊಂದೂ ಇಲ್ಲಿಲ್ಲ. ಬಯಲಿನ ದಕ್ಷಿಣದ ಅಂಚನ್ನು ಹಿಡಿದು, ಪಶ್ಚಿಮದ ನಾರ್ಸ್‌ಮನ್ ಪಟ್ಟಣದಿಂದ ಪೂರ್ವದ ಪೋರ್ಟ್ ಆಗಸ್ಟ ಪಟ್ಟಣದವರೆಗೆ 1,600 ಕಿಲೋಮೀಟರಿಗೂ ಹೆಚ್ಚು ಉದ್ದದ ಏರ್ ಹೆದ್ದಾರಿಯು ಸಾಗುತ್ತದೆ. ಅದರಲ್ಲಿ ಒಂದು ಭಾಗವು 146 ಕಿಲೋಮೀಟರಿಗೂ ಮಿಕ್ಕಿ ಒಂದೇ ಒಂದು ತಿರುವಿಲ್ಲದೆ ನೂಲು ಹಿಡಿದಂತೆ ನೇರವಾಗಿದೆ.

ಹೆದ್ದಾರಿಗೆ ಈ ಹೆಸರು ಬಂದುದು ಎಡ್ವರ್ಡ್ ಜಾನ್ ಏರ್ ಎಂಬ ಅನ್ವೇಷಕನಿಂದ. 1841ರ ಫೆಬ್ರವರಿಯಲ್ಲಿ ಅವನು ಪೂರ್ವದಿಂದ ಹೊರಟು ಜುಲೈ ತಿಂಗಳಲ್ಲಿ ಪಶ್ಚಿಮದ ಆಲ್ಬನಿಯನ್ನು ಮುಟ್ಟಿದನು. ಆ ಪ್ರಯಾಣದ ಕಥೆಯೆಲ್ಲ ನೀರಿನ ಕಥೆ. ಕಡಲಂಚಿನ ಮರಳುದಿಬ್ಬಗಳಲ್ಲಿ ಎಲ್ಲಿ ತೋಡಿದರೆ ಸಿಹಿನೀರು ದೊರೆಯುವುದೆಂಬುದನ್ನು ಅಲ್ಲಿಯ ಮೂಲನಿವಾಸಿಗಳು ಬಲ್ಲವರಾಗಿದ್ದರು. ಅವರು ತಿಳಿಸಿದ ನೀರಿನ ನೆಲೆಗಳೇ ಅವನ ಜೀವವನ್ನು ಉಳಿಸಿದುವು. ನೀರು ಸಿಕ್ಕದ ದಿನಗಳಲ್ಲಿ ಗಿಡಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಿಂದ ಒರಸಿ ಹಿಂಡಿಕೊಂಡು ಕುಡಿಯಬೇಕಾಯಿತು. ಸಂಗಡಿಗನಾದ ಬ್ಯಾಕ್ಸ್‌ಟರನು ದಾರಿಯಲ್ಲಿಯೇ ಕೊಲೆಯಾದನು. ವೈಲಿ ಎಂಬ ಮೂಲನಿವಾಸಿ ತರುಣನೊಬ್ಬನೇ ಕೊನೆಯವರೆಗೆ ಜೊತೆಯಲ್ಲಿದ್ದವನು. ಇಬ್ಬರೂ ಸೋತು ಸೊರಗಿದ್ದಾಗ ತೀರದಲ್ಲಿ ಲಂಗರು ಹಾಕಿದ್ದ ಫ್ರೆಂಚ್ ತಿಮಿಂಗಿಲಬೇಟೆಯ ಹಡಗೊಂದು ಕಣ್ಣಿಗೆ ಬಿತ್ತು. ಹಡಗಿನವರು ಕೆಲವು ದಿನ ಉಣಬಡಿಸಿ ಸಂತೈಸಿದ ಮೇಲೆ ಉಳಿದ ದಾರಿಯನ್ನು ನಡೆಯುವ ಶಕ್ತಿ ಅವರಿಗೆ ಬಂದಿತು.

1912ರಲ್ಲಿ ಫ್ರಾನ್ಸಿಸ್ ಬರ್ಟಲ್ಸ್ ಮತ್ತು ಸಿಡ್ ಫರ್ಗ್ಯುಸನ್ ಎಂಬ ಇಬ್ಬರು ಫ್ರೀಮ್ಯಾಂಟಲ್‌ನಿಂದ ಸಿಡ್ನಿಯವರೆಗೆ ಮೋಟಾರು ಕಾರಿನಲ್ಲಿ 28 ದಿನಗಳಲ್ಲಿ ಬಂದು ತಲುಪಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಏರ್ ಹೆದ್ದಾರಿಯು ನಿರ್ಮಾಣವಾಯಿತು. ಪೂರ್ತಿಯಾಗಿ ಡಾಂಬರು ಕಂಡುದು 1976ರಲ್ಲಿ. ಬಯಲಿನ ನಡುವೆ ‘ರೋಡ್‌ಹೌಸ್’ ಎಂಬ ದಾರಿಮನೆಗಳು ಎದ್ದುವು. ಊಟ, ಹಾಸಿಗೆ, ಪೆಟ್ರೋಲು ಮೂರೂ ದೊರೆಯುವ ಈ ಮನೆಗಳೇ ಅಲ್ಲಿಯ ಊರುಗಳು. ಬ್ಯಾಲಡೋನಿಯದ ದಾರಿಮನೆಯನ್ನು ಬಿಟ್ಟರೆ ಮುಂದಿನದು ಸುಮಾರು 180 ಕಿಲೋಮೀಟರು ದೂರದ ಕೈಗೂನದಲ್ಲಿ. ಪೆಟ್ರೋಲು ತುಂಬಿದ ಕಾರಿಗೆ ಈ ದೂರವು ಲೆಕ್ಕಕ್ಕಿಲ್ಲ. ವಿದ್ಯುತ್ ಕಾರು ಬಂದಾಗ ಹಳೆಯ ಪ್ರಶ್ನೆಯು ಮತ್ತೆ ಎದ್ದು ನಿಂತಿತು.

ಪ್ರಶ್ನೆಯ ತೂಕವನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. ಮನೆಯ ಮೀಟರು ತೋರಿಸುವ ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಗಂಟೆ. ಸಾವಿರ ವಾಟಿನ ಉಪಕರಣವೊಂದು ಒಂದು ಗಂಟೆಯಲ್ಲಿ ಬಳಸುವ ವಿದ್ಯುಚ್ಛಕ್ತಿ. ಮಧ್ಯಮ ಗಾತ್ರದ ಒಂದು ಕಾರಿನ ಬ್ಯಾಟರಿಯಲ್ಲಿ 60 ಯೂನಿಟ್ ಹಿಡಿಯುವುದೆಂದು ಇಟ್ಟುಕೊಳ್ಳೋಣ. ಹೆದ್ದಾರಿಯ ವೇಗದಲ್ಲಿ ನೂರು ಕಿಲೋಮೀಟರಿಗೆ 20 ಯೂನಿಟ್ ಖರ್ಚಾದರೆ ಆ ಕಾರು 300 ಕಿಲೋಮೀಟರು ಓಡಬಲ್ಲುದು. ಎದುರುಗಾಳಿ ಬೀಸಿದರೆ ಈ ದೂರವು ಕುಗ್ಗುತ್ತದೆ. ವೇಗವು ಇಮ್ಮಡಿಯಾದಾಗ ಗಾಳಿಯ ತಡೆಯು ನಾಲ್ಮಡಿಯಾಗುತ್ತದೆಯಾದುದರಿಂದ, ಅವಸರಪಡುವವನ ಬ್ಯಾಟರಿಯು ಬೇಗನೆ ಬರಿದಾಗುತ್ತದೆ. ನಿಧಾನವಾಗಿ ಹೋದವನೇ ಹೆಚ್ಚು ದೂರ ಹೋಗಬಲ್ಲನು.

ಬರಿದಾದ ಬ್ಯಾಟರಿಯನ್ನು ತುಂಬಲು ಎಷ್ಟು ಹೊತ್ತು ಬೇಕು? ಆಸ್ಟ್ರೇಲಿಯದ ಮನೆಗಳ ಸಾಮಾನ್ಯ ಪ್ಲಗ್ಗಿನಿಂದ ದೊರೆಯುವುದು ಹೆಚ್ಚೆಂದರೆ ಸುಮಾರು 2.4 ಕಿಲೋವಾಟ್. 60 ಯೂನಿಟ್ ತುಂಬಲು 25 ಗಂಟೆ ಕಾಯಬೇಕು. 50 ಕಿಲೋವಾಟಿನ ಯಂತ್ರವಾದರೆ ಬ್ಯಾಟರಿಯ ಬಹುಭಾಗವು ಒಂದು ಗಂಟೆಯ ಸುಮಾರಿಗೆ ತುಂಬುತ್ತದೆ. ಈ ವೇಗಕ್ಕೆ ಕಾರಣವಿದೆ. ತಂತಿಗಳಲ್ಲಿ ಬರುವುದು ಪರ್ಯಾಯ ವಿದ್ಯುತ್ ಪ್ರವಾಹ. ಬ್ಯಾಟರಿಯು ಸ್ವೀಕರಿಸುವುದು ನೇರ ವಿದ್ಯುತ್ ಪ್ರವಾಹವನ್ನು ಮಾತ್ರ. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಸಾಧನವು ಕಾರಿನೊಳಗೆ ಇದ್ದರೂ ಅದು ಚಿಕ್ಕದು. ವೇಗದ ಚಾರ್ಜಿಂಗ್ ನಿಲ್ದಾಣದಲ್ಲಿ ಬೀರುವಿನಷ್ಟು ದೊಡ್ಡ ಮಾರ್ಪಾಟು ಯಂತ್ರವು ನೆಲದ ಮೇಲೆಯೇ ನಿಂತು, ನೇರ ಪ್ರವಾಹವನ್ನು ದಪ್ಪ ಕೇಬಲ್ಲಿನ ಮೂಲಕ ಬ್ಯಾಟರಿಗೇ ಒದಗಿಸುತ್ತದೆ.

ಆದರೆ ಬ್ಯಾಟರಿಗೂ ಅದರದೇ ಆದ ತಾಳ್ಮೆಯುಂಟು. ಚಾರ್ಜು ಮಾಡುವಾಗ ಲಿಥಿಯಮ್ ಅಯಾನುಗಳು ಒಂದು ಧ್ರುವದಿಂದ ಹೊರಟು ಇನ್ನೊಂದು ಧ್ರುವದ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಜಾತ್ರೆಯ ನಾಟಕದ ಡೇರೆಗೆ ಮೊದಲು ಬಂದವರು ಬೇಗ ಬೇಗನೆ ಕುಳಿತುಕೊಳ್ಳುತ್ತಾರೆ. ಡೇರೆಯು ತುಂಬುತ್ತ ಬಂದಂತೆ ತಡವಾಗಿ ಬಂದವರು ಎಡೆಯನ್ನು ಹುಡುಕಬೇಕಾಗುತ್ತದೆ. ಅಯಾನುಗಳ ಪಾಡೂ ಹಾಗೆಯೇ. ತುಂಬುತ್ತ ಬಂದ ಬ್ಯಾಟರಿಗೆ ಒತ್ತಾಯದಿಂದ ನುಗ್ಗಿಸಿದರೆ ಲಿಥಿಯಮ್ ಲೋಹವು ಗ್ರಾಫೈಟಿನ ಮೇಲೆಯೇ ಕೂಡಿಕೊಂಡು ಬ್ಯಾಟರಿಯು ಕೆಡುತ್ತದೆ. ಆದುದರಿಂದ ನೂರರಲ್ಲಿ 80 ಪಾಲು ತುಂಬಿದ ಮೇಲೆ ವೇಗವು ತಾನಾಗಿ ತಗ್ಗುವಂತೆ ಏರ್ಪಾಟು ಮಾಡಲಾಗಿದೆ. ಕೊನೆಯ 20 ಪಾಲಿಗಾಗಿ ಕಾಯುವುದಕ್ಕಿಂತ ಮುಂದಿನ ನಿಲ್ದಾಣಕ್ಕೆ ಹೊರಡುವುದೇ ಜಾಣತನ. ಆದರೆ ಮುಂದಿನ ನಿಲ್ದಾಣವು ಇದೆಯೆಂಬ ಭರವಸೆ ಅದಕ್ಕೆ ಬೇಕಷ್ಟೆ.

ನಲ್ಲರ್ಬಾರ್‌ನಲ್ಲಿ ಆ ಭರವಸೆಯು ಬಹುದಿನ ಇರಲಿಲ್ಲ. ಪ್ರಯಾಣಿಕರು ವಿರಳ, ಬರುವ ಆದಾಯವು ಯಂತ್ರದ ಬೆಲೆಗೆ ಸಾಲದು. ನಿಲ್ದಾಣವಿಲ್ಲದುದರಿಂದ ಕಾರುಗಳು ಬರಲಿಲ್ಲ, ಕಾರುಗಳು ಬಾರದುದರಿಂದ ನಿಲ್ದಾಣವು ಏಳಲಿಲ್ಲ. ಈ ಕಗ್ಗಂಟನ್ನು ಮೊದಲು ಸಡಿಲಿಸಿದವರು ವ್ಯಾಪಾರಿಗಳಲ್ಲ, ವಿದ್ಯುತ್ ಕಾರುಗಳ ಒಡೆಯರ ಸಂಘಗಳ ಸ್ವಯಂಸೇವಕರು. ದಾರಿಮನೆಗಳಲ್ಲಿ ಮೂರು ಫೇಸಿನ ಪ್ಲಗ್ಗುಗಳನ್ನು ಕೂಡಿಸಲು ಅವರು ನೆರವಾದರು. ಇವು ವೇಗದ ಯಂತ್ರಗಳಾಗಿರಲಿಲ್ಲ; ಹಲವು ಗಂಟೆ ಕಾಯಬೇಕಾಗಿತ್ತು. ಆದರೂ ದಡ ಸೇರಬಹುದೆಂಬ ಧೈರ್ಯವು ಅವುಗಳಿಂದ ಹುಟ್ಟಿತು.

ಮುಂದಿನ ತೊಡಕು ಇನ್ನೂ ಕಠಿನವಾದುದು. ಬಯಲಿನ ದಾರಿಮನೆಗಳಿಗೆ ದೊಡ್ಡ ವಿದ್ಯುಜ್ಜಾಲದ ಸಂಪರ್ಕವಿಲ್ಲ. ದೀಪಕ್ಕೂ ಅಡುಗೆಗೂ ಬೇಕಾದ ವಿದ್ಯುತ್ತನ್ನು ಅವು ಜನರೇಟರಿನಿಂದ ತಾವೇ ಉತ್ಪಾದಿಸಿಕೊಳ್ಳಬೇಕು. ಅದರ ಮೇಲೆ 50 ಕಿಲೋವಾಟಿನ ಹೊರೆಯನ್ನು ಒಮ್ಮೆಗೇ ಹೇರುವುದೆಂದರೆ ನಾಲ್ವರ ಅಡುಗೆಯ ಒಲೆಯಲ್ಲಿ ಮದುವೆಯ ಅಡುಗೆಯನ್ನು ಮಾಡಿದಂತೆ. ಡೀಸೆಲ್ಲನ್ನು ಉರಿಸಿ ವಿದ್ಯುತ್ ಕಾರನ್ನು ಓಡಿಸುವುದಾದರೆ ಹೊಗೆಯಿಲ್ಲದ ವಾಹನವೆಂಬ ಮಾತಿಗೂ ಕುಂದು ಬರುತ್ತದೆ.

ಪರ್ತ್ ನಗರದ ನಿವೃತ್ತ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಎಂಬುವರಿಗೆ ಇದಕ್ಕೆ ಉಪಾಯವು ದಾರಿಮನೆಯ ಅಡುಗೆಮನೆಯಲ್ಲಿಯೇ ಕಾಣಿಸಿತು. ಅಲ್ಲಿ ಪ್ರಯಾಣಿಕರಿಗಾಗಿ ಆಲೂಗಡ್ಡೆಯ ಹೋಳುಗಳನ್ನು ಕರಿಯುತ್ತಾರೆ. ಮತ್ತೆ ಮತ್ತೆ ಕಾದು ಕೆಟ್ಟ ಎಣ್ಣೆಯು ಆಹಾರಕ್ಕೆ ಬಾರದಿದ್ದರೂ ಎಂಜಿನ್ನಿಗೆ ಬರುತ್ತದೆ. ಅದನ್ನು ಶೋಧಿಸಿ ಉರಿಸುವ ಜನರೇಟರಿಗೆ 50 ಕಿಲೋವಾಟಿನ ಚಾರ್ಜಿಂಗ್ ಯಂತ್ರವನ್ನು ಜೋಡಿಸಿ, 2022ರ ಆರಂಭದಲ್ಲಿ ಅವರು ಕೈಗೂನದ ದಾರಿಮನೆಯಲ್ಲಿ ಸ್ಥಾಪಿಸಿದರು. ಎಣ್ಣೆಯು ಉರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬೀಳುವುದು ನಿಜ. ಆದರೆ ಎಣ್ಣೆಕಾಳಿನ ಗಿಡವು ಬೆಳೆಯುವಾಗ ಗಾಳಿಯಿಂದ ಹೀರಿಕೊಂಡ ಇಂಗಾಲವೇ ಅದು. ಭೂಗರ್ಭದಿಂದ ಹೊಸದಾಗಿ ತೆಗೆದುದಲ್ಲ. ಕೈಗೂನದ ದಕ್ಷಿಣಕ್ಕೆ ಕಡಲಿನ ಕಡಿಬಂಡೆಯ ಮೇಲೆ ಬ್ಯಾಕ್ಸ್‌ಟರನ ಸ್ಮಾರಕವಿದೆ. ಅನ್ನನೀರಿಗಾಗಿ ಮನುಷ್ಯರು ಸಂಕಟಪಟ್ಟ ನೆಲದಲ್ಲಿಯೇ, ಉಂಡು ಉಳಿದ ಎಣ್ಣೆಯು ದಾರಿಹೋಕರನ್ನು ಮುಂದಕ್ಕೆ ಕಳುಹಿಸುವಂತಾಯಿತು.

ಒಬ್ಬರು ತೋರಿದ ದಾರಿಯಲ್ಲಿ ಸರಕಾರವೂ ನಡೆಯಿತು. ಪಶ್ಚಿಮ ಆಸ್ಟ್ರೇಲಿಯ ರಾಜ್ಯವು ಉತ್ತರದ ಕುನನರದಿಂದ ದಕ್ಷಿಣದ ಎಸ್ಪರನ್ಸ್‌ವರೆಗೆ, ಪೂರ್ವದಲ್ಲಿ ನಲ್ಲರ್ಬಾರ್ ಬಯಲಿನವರೆಗೆ ಒಟ್ಟು 49 ಸ್ಥಳಗಳಲ್ಲಿ ಚಾರ್ಜಿಂಗ್ ನಿಲ್ದಾಣಗಳನ್ನು ಕಟ್ಟಿಸಿತು. ಈ ಸರಪಳಿಯು ಪೂರ್ಣವಾಯಿತು. ನಿಲ್ದಾಣಗಳ ನಡುವಣ ಸರಾಸರಿ ದೂರವು 200 ಕಿಲೋಮೀಟರಿಗಿಂತ ಕಡಿಮೆ. ವಿದ್ಯುಜ್ಜಾಲವು ಮುಟ್ಟದ ಕೆಲವು ಕಡೆ ಸೌರಫಲಕಗಳನ್ನೂ ದೊಡ್ಡ ಬ್ಯಾಟರಿಗಳನ್ನೂ ಇರಿಸಿದರು. ನೆತ್ತಿಯನ್ನು ಸುಡುವ ಬಿಸಿಲೇ ಹಗಲೆಲ್ಲ ಬ್ಯಾಟರಿಯಲ್ಲಿ ಸಂಗ್ರಹವಾಗಿ, ಸಂಜೆ ಬಂದ ಕಾರಿಗೆ ಬುತ್ತಿಯಾಗುತ್ತದೆ.

ಇಷ್ಟಾದರೂ ಕೆಲಸವು ಮುಗಿದಂತಲ್ಲ. ನಗರದಲ್ಲಿ ಒಂದು ಯಂತ್ರವು ಕೆಟ್ಟರೆ ಪಕ್ಕದ ಬೀದಿಗೆ ಹೋಗಬಹುದು. ಬಯಲಿನಲ್ಲಿ ಕೆಟ್ಟರೆ ಪಕ್ಕದ ಯಂತ್ರವು ನೂರಾರು ಕಿಲೋಮೀಟರು ದೂರದಲ್ಲಿರುತ್ತದೆ. ರಿಪೇರಿ ಮಾಡುವವನೂ ಅಷ್ಟೇ ದೂರದಿಂದ ಬರಬೇಕು. ಆದುದರಿಂದ ಒಂದೇ ಯಂತ್ರವನ್ನು ನಂಬುವುದಕ್ಕಿಂತ ಎರಡನ್ನು ನಿಲ್ಲಿಸುವುದು ಕ್ಷೇಮ. ಹಬ್ಬ ರಜೆಗಳ ದಿನಗಳಲ್ಲಿ ಹಿಂದೆ ಕಾದಿರುವವರನ್ನು ನೆನೆದು, ತನಗೆ ಬೇಕಾದಷ್ಟನ್ನು ಮಾತ್ರ ತುಂಬಿಕೊಂಡು ಎಡೆಯನ್ನು ಬಿಟ್ಟುಕೊಡುವುದು ಪ್ರಯಾಣಿಕನ ಧರ್ಮ. ಅರವಟ್ಟಿಗೆಯಲ್ಲಿ ಕೊಡದ ನೀರನ್ನು ಒಬ್ಬನೇ ಎತ್ತಿ ಕುಡಿಯುವುದುಂಟೆ?

ಏರ್ ನಡೆದ ದಿನದಿಂದ ಇಂದಿನವರೆಗೆ ಆ ಬಯಲು ಒಂದು ಗೇಣೂ ಕಿರಿದಾಗಿಲ್ಲ. ಮಳೆ ಹೆಚ್ಚಲಿಲ್ಲ, ಹೊಳೆ ಹರಿಯಲಿಲ್ಲ. ಹೆಚ್ಚಿದುದು ದಾರಿಯಲ್ಲಿ ಕಾದಿರುವ ಸಹಾಯ. ನೀರಿನ ನೆಲೆಯನ್ನು ತೋರಿಸಿದ ಮೂಲನಿವಾಸಿಗಳು, ಉಣಬಡಿಸಿದ ಹಡಗಿನವರು, ಪ್ಲಗ್ಗು ಕೂಡಿಸಿದ ಸ್ವಯಂಸೇವಕರು, ಎಣ್ಣೆಯನ್ನು ಶೋಧಿಸಿದ ಎಂಜಿನಿಯರ್—ಇವರೆಲ್ಲರೂ ತಮಗೆ ಗುರುತಿಲ್ಲದವರಿಗಾಗಿ ದುಡಿದವರು. ನಾಳೆ ಯಾವ ಬಗೆಯ ವಾಹನವು ಬಂದರೂ, ಅದು ದೂರ ಸಾಗಬೇಕಾದರೆ ದಾರಿಯ ಬದಿಯಲ್ಲಿ ಇಂಥವರು ಇರಲೇಬೇಕು.

ಪ್ರಶ್ನೆಗಳು

1. ನಲ್ಲರ್ಬಾರ್ ಎಂಬ ಹೆಸರಿನ ಅರ್ಥವೇನು? ಅಲ್ಲಿ ಹೊಳೆಗಳು ಏಕಿಲ್ಲ?
2. ಏರ್ ಮತ್ತು ವೈಲಿ ಅವರ ಪ್ರಯಾಣಕ್ಕೆ ಯಾರು ಯಾರು ನೆರವಾದರು?
3. ಬ್ಯಾಟರಿಯು ತುಂಬುತ್ತ ಬಂದಂತೆ ಚಾರ್ಜಿನ ವೇಗವು ತಗ್ಗುವುದೇಕೆ? ಪಾಠದಲ್ಲಿರುವ ಹೋಲಿಕೆಯೊಡನೆ ವಿವರಿಸಿರಿ.
4. ಕೈಗೂನದ ಚಾರ್ಜಿಂಗ್ ಯಂತ್ರದ ವಿಶೇಷವೇನು?
5. ಚಾರ್ಜಿಂಗ್ ನಿಲ್ದಾಣವನ್ನು ಅರವಟ್ಟಿಗೆಗೆ ಹೋಲಿಸಿರುವುದು ಉಚಿತವೆ? ನಿಮ್ಮ ಅಭಿಪ್ರಾಯವನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ.