ಅಪ್ಪನಿಗೆ ಆಕ್ಸಿಜನ್ ಸಿಲಿಂಡರ್ ತರಲೇ?

ಪ್ರಶ್ನೆ: ಅಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆ. ಆಮ್ಲಜನಕ ಸಾಲದಿದ್ದರೆ ಗಡ್ಡೆ ಹರಡುತ್ತದಂತೆ. ಮನೆಯಲ್ಲೇ ಸಿಲಿಂಡರ್ ಇಡಲೇ?
– ಮಗಳು, ವಿಜಯನಗರ

ಉತ್ತರ: ಬೇಡಮ್ಮ, ಆ ದುಡ್ಡು ಉಳಿಸಿಕೊಳ್ಳಿ. ಬೆರಳಿನ ಆಕ್ಸಿಮೀಟರ್ 97 ತೋರಿಸುತ್ತಿದ್ದರೆ ರಕ್ತದಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ಗಡ್ಡೆಯೊಳಗೆ. ಅದು ಬೆಳೆಯುವ ವೇಗಕ್ಕೆ ರಕ್ತನಾಳಗಳು ಸಾಲವು, ಇರುವವೂ ಸೊಟ್ಟ, ಸೋರುಬುರುಕ. ಹೀಗೆ ಆಮ್ಲಜನಕ ಸಾಲದಾದಾಗ ಎಚ್‌ಐಎಫ್-1 ಎಂಬ ಪ್ರೋಟೀನ್ ನಾಶವಾಗದೆ ಉಳಿದು, ಹೊಸ ನಾಳ ಕಟ್ಟುವ, ಪಕ್ಕದ ಮಿದುಳಿಗೆ ನುಸುಳುವ ವಂಶವಾಹಿಗಳನ್ನು ಎಬ್ಬಿಸುತ್ತದೆ. (ಜೀವಕೋಶ ಆಮ್ಲಜನಕವನ್ನು ಅರಿಯುವ ಈ ಗುಟ್ಟು ಬಿಡಿಸಿದ ಮೂವರಿಗೆ 2019ರ ನೊಬೆಲ್ ಬಂತು.) ಆಮ್ಲಜನಕ ಕಡಿಮೆಯಿರುವ ಜಾಗದಲ್ಲಿ ವಿಕಿರಣದ ಪೆಟ್ಟೂ ಮೆತ್ತಗೆ. ಹೊಸ ನಾಳ ಕಟ್ಟದಂತೆ ತಡೆಯುವ ಬೆವಾಸಿಜುಮ್ಯಾಬ್ ಔಷಧ ಊತ ಇಳಿಸೀತು, ಆದರೆ ಆಯಸ್ಸು ಹೆಚ್ಚಿಸಿದ್ದು ದೊಡ್ಡ ಪರೀಕ್ಷೆಗಳಲ್ಲಿ ಕಂಡಿಲ್ಲ.

ವೈದ್ಯರು ಹೇಳಿದ ವಿಕಿರಣ, ಟೆಮೊಜೊಲೊಮೈಡ್ ಮಾತ್ರೆ ಒಂದು ದಿನವೂ ತಪ್ಪದಿರಲಿ. ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಆಸ್ಪತ್ರೆಯಲ್ಲಿ ವಿಚಾರಿಸಿ. ಎರಡನೇ ಅಭಿಪ್ರಾಯಕ್ಕೆ ನಿಮ್ಹಾನ್ಸ್ ಇದೆ. ಎಂಆರ್‌ಐ ಸಿ.ಡಿ., ಬಯಾಪ್ಸಿ ವರದಿ ಜೊತೆಗೊಯ್ಯಿರಿ.