ಹೆಸರು ಒಂದೇ, ಬಿಲ್ಲು ಬೇರೆ

ಜ್ಯೂರಿಕ್‌ನ ಹಳೇ ಪೇಟೆಯಲ್ಲಿ ಹೋಟೆಲಿನವರು ಮೆನುವನ್ನು ಬಾಗಿಲ ಪಕ್ಕದಲ್ಲೇ ತೂಗುಹಾಕಿರುತ್ತಾರೆ. ಒಳಗೆ ಹೋಗಿ ಕೂತಮೇಲೆ ಬೆಲೆ ನೋಡಿ ಎದ್ದುಬರುವ ಮುಜುಗರ ಯಾರಿಗೂ ಆಗದಿರಲಿ ಎನ್ನುವ ಒಳ್ಳೆಯ ರೂಢಿ. ಈ ಅಂಕಣಕಾರ್ತಿ ನಿಂತು ಓದಿದ ಮೆನುವಿನಲ್ಲಿ ಮಾಂಸವಿಲ್ಲದ ಒಂದು ಪ್ಲೇಟ್ ಪಾಸ್ತಾಗೆ 26 ಫ್ರಾಂಕ್ ಇತ್ತು. ಅಂದಿನ ದರದಲ್ಲಿ ಎರಡೂವರೆ ಸಾವಿರ ರೂಪಾಯಿ. ಕುಡಿಯುವ ನೀರಿಗೆ ಬೇರೆ. ಜೊತೆಯಲ್ಲಿ ಗಂಡ, ಅತ್ತೆ, ಹೈಸ್ಕೂಲಿನ ಮಗ. ತಲೆಗೊಂದು ಪ್ಲೇಟ್ ಅಂದರೂ ಹತ್ತು ಸಾವಿರ.

ಅತ್ತೆ ಮನಸ್ಸಿನಲ್ಲೇ ಗುಣಿಸಿ, "ಬೇಡ ಕಣಮ್ಮ, ಒಂದು ಹೊತ್ತಿನ ಊಟಕ್ಕೆ ಇಷ್ಟೊಂದಾ?" ಎಂದರು. ಬೀದಿಯ ಕೊನೆಯಲ್ಲಿ ಮೆಕ್‌ಡೊನಾಲ್ಡ್ಸ್ ಇತ್ತು. ತರಕಾರಿ ಬರ್ಗರ್, ಸಲಾಡ್, ಮಗನಿಗೊಂದು ಐಸ್‌ಕ್ರೀಮ್. ನಾಲ್ವರ ಹೊಟ್ಟೆ ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ ತುಂಬಿತು. ನೀರನ್ನು ಬೀದಿಯ ಕಾರಂಜಿಯಲ್ಲೇ ಬಾಟಲಿಗೆ ಹಿಡಿದಿದ್ದರು. ಜ್ಯೂರಿಕ್‌ನಲ್ಲಿ ಅಂಥ ಕಾರಂಜಿಗಳು 1,200ಕ್ಕೂ ಹೆಚ್ಚಿವೆ, ನೀರು ಕುಡಿಯಲು ಯೋಗ್ಯ, ಕಾಸು ಕೊಡಬೇಕಿಲ್ಲ.

ಹೊರದೇಶಕ್ಕೆ ಹೋಗಿಯೂ ಮೆಕ್‌ಡೊನಾಲ್ಡ್ಸ್‌ನಲ್ಲಿ ತಿಂದಿರಾ ಎಂದು ಊರಿಗೆ ಬಂದಮೇಲೆ ನೆಂಟರು ಕೇಳುತ್ತಾರೆ. ಆ ಪ್ರಶ್ನೆಯ ಹಿಂದಿನ ಭಾವನೆಯನ್ನು ಅಂಕಣಕಾರ್ತಿ ತಳ್ಳಿಹಾಕುವುದಿಲ್ಲ. ಅಮೆರಿಕದ್ದೇ ಇನ್ನೊಂದು ಚೈನ್ ಕೆಎಫ್‌ಸಿ ಭಾರತದಲ್ಲಿ ಮೊದಲು ಬಾಗಿಲು ತೆರೆದದ್ದೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ, 1995ರಲ್ಲಿ. ಮರುವರ್ಷದ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದ ಕಾರ್ಯಕರ್ತರು ವಿದೇಶಿ ಕಂಪನಿಗಳನ್ನು ವಿರೋಧಿಸಿ ಅದರೊಳಗೆ ನುಗ್ಗಿದರು. ಆ ಸುದ್ದಿಗಳನ್ನು ಓದುತ್ತ ಬೆಳೆದವರಿಗೆ ಅಮೆರಿಕದ ಚೈನ್ ಹೋಟೆಲಿಗೆ ಕಾಲಿಡುವಾಗ ಇಂದಿಗೂ ಮನಸ್ಸು ಒಂದಿಷ್ಟು ಹಿಂಜರಿಯುತ್ತದೆ. ಆ ತಕರಾರು ಗೌರವಿಸಬೇಕಾದದ್ದೇ. ಆದರೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದಾಗ ಊಟದ ಲೆಕ್ಕವನ್ನೂ ಅಷ್ಟೇ ಗೌರವದಿಂದ ಹಾಕಬೇಕಾಗುತ್ತದೆ. ಆ ಲೆಕ್ಕ ಒಂದೊಂದು ಊರಿಗೆ ಒಂದೊಂದು ಥರ.

ಬೇರೆ ಬೇರೆ ದೇಶಗಳ ದುಡ್ಡಿನ ನಿಜವಾದ ಬೆಲೆ ಅಳೆಯಲು ಲಂಡನ್ನಿನ 'ದಿ ಎಕನಾಮಿಸ್ಟ್' ವಾರಪತ್ರಿಕೆ 1986ರಿಂದ ಬಿಗ್ ಮ್ಯಾಕ್ ಸೂಚ್ಯಂಕ ಪ್ರಕಟಿಸುತ್ತ ಬಂದಿದೆ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೀತಿ ತಯಾರಾಗುವ ಬರ್ಗರಿಗೆ ಎಲ್ಲಿ ಎಷ್ಟು ಎಂದು ಡಾಲರಿನಲ್ಲಿ ಹೋಲಿಸುವುದು ಅದರ ಕೆಲಸ. ಭಾರತದ ಅಂಗಡಿಗಳಲ್ಲಿ ದನದ ಮಾಂಸ ಇಲ್ಲದ್ದರಿಂದ ನಮ್ಮ ಪಾಲಿಗೆ ಕೋಳಿಯ ಮಹಾರಾಜ ಮ್ಯಾಕ್ ಲೆಕ್ಕಕ್ಕೆ ಬರುತ್ತದೆ. 2024ರ ಜುಲೈ ಪಟ್ಟಿಯ ಪ್ರಕಾರ ಸ್ವಿಟ್ಜರ್ಲೆಂಡಿನಲ್ಲಿ ಬಿಗ್ ಮ್ಯಾಕ್ ಬೆಲೆ 8 ಡಾಲರ್ ದಾಟಿತ್ತು, ಅಮೆರಿಕದಲ್ಲಿ 5.69, ಜಪಾನಿನಲ್ಲಿ ಮೂರು ಡಾಲರಿನ ಆಸುಪಾಸು. ಆದರೂ ಪಟ್ಟಿಯ ತುದಿಯಲ್ಲಿರುವ ಸ್ವಿಟ್ಜರ್ಲೆಂಡಿನಲ್ಲೇ ಚೈನ್ ಊಟ ಪ್ರವಾಸಿಗೆ ಹೆಚ್ಚು ಉಳಿಸುತ್ತದೆ. ಅಲ್ಲಿ ಕೂಲಿ ದುಬಾರಿ. ಮೇಜಿನ ಹತ್ತಿರ ಬಂದು ಬಡಿಸುವ ಕೈಗಳು ಹೆಚ್ಚಿದಷ್ಟೂ ಬಿಲ್ಲು ಏರುತ್ತದೆ. ಟ್ರೇ ಹಿಡಿದು ತಾನೇ ತಂದುಕೊಳ್ಳುವ ಕಡೆ ಆ ಭಾರ ಕಡಿಮೆ.

ಅಮೆರಿಕದಲ್ಲಿ ಉಳಿತಾಯದ ಮೂಲ ಟಿಪ್ಸ್. ನ್ಯೂಯಾರ್ಕ್ ನಗರದಲ್ಲಿ ಕೂತು ಉಣ್ಣುವ ಹೋಟೆಲಿನ ಮೆನುವಿನಲ್ಲಿ 20 ಡಾಲರ್ ಅಂತಿದ್ದರೆ, ಅದರ ಮೇಲೆ ಶೇಕಡಾ 8.875 ಮಾರಾಟ ತೆರಿಗೆ ಬೀಳುತ್ತದೆ. ಆಮೇಲೆ ಬಡಿಸಿದವರಿಗೆ ಶೇಕಡಾ 20ರಷ್ಟು ಟಿಪ್ಸ್. ಕೊನೆಗೆ ಕೈಯಿಂದ ಹೋಗುವುದು 25 ಡಾಲರ್ 78 ಸೆಂಟ್. ಆ ಟಿಪ್ಸ್ ಕೊಡದೆ ಎದ್ದುಬರುವುದು ಸರಿಯಲ್ಲ, ಅಲ್ಲಿನ ಪರಿಚಾರಕರ ಸಂಬಳವೇ ಅದರ ಮೇಲೆ ನಿಂತಿದೆ. ಬರ್ಗರ್ ಕೌಂಟರಿನಲ್ಲಿ ತೆರಿಗೆ ಉಂಟು, ಟಿಪ್ಸಿನ ನಿರೀಕ್ಷೆ ಇಲ್ಲ.

ಅಮೆರಿಕದಲ್ಲಿ ಸಸ್ಯಾಹಾರಿಗಳಿಗೆ ಒಂದು ಕಿವಿಮಾತನ್ನು ಮಾತ್ರ ಒತ್ತಿ ಹೇಳಬೇಕು. ಬರ್ಗರ್ ಬೇಡ, ಫ್ರೆಂಚ್ ಫ್ರೈಸ್ ಸಾಕು ಎಂದು ಅಗ್ಗದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ನಮ್ಮ ಹುಡುಗರು ಅಲ್ಲಿ ಬಹಳ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಸಾರಿತ್ತು. ಆದರೆ ಆಲೂಗಡ್ಡೆಗೆ ಬೀಫ್ ಫ್ಲೇವರ್ ಸೇರಿಸುವುದು ಮುಂದುವರಿದಿತ್ತು. ಹಿಂದೂಗಳು ಮತ್ತು ಸಸ್ಯಾಹಾರಿಗಳ ಪರವಾಗಿ 2001ರಲ್ಲಿ ಸಿಯಾಟಲ್‌ನಲ್ಲಿ ಭಾರತ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ, ಧಾರ್ಮಿಕ ಮತ್ತಿತರ ಸಂಸ್ಥೆಗಳಿಗೆ ಒಟ್ಟು ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಅಮೆರಿಕದ ಫ್ರೈಸ್‌ನ ಪದಾರ್ಥ ಪಟ್ಟಿಯಲ್ಲಿ ಆ ಫ್ಲೇವರ್ ಈಗಲೂ ಇದೆ, ಈಗ ಬಹಿರಂಗವಾಗಿ. ಬ್ರಿಟನ್ನಿನ ಫ್ರೈಸ್‌ನಲ್ಲಿ ಅದಿಲ್ಲ, ಭಾರತದಲ್ಲೂ ಇಲ್ಲ. ಜಪಾನಿನಲ್ಲಿ ಕರಿಯುವ ಎಣ್ಣೆಯೇ ದನದ ಕೊಬ್ಬು ಮತ್ತು ತಾಳೆಎಣ್ಣೆಯ ಮಿಶ್ರಣ. ಕೆಂಪು ಡಬ್ಬಿ, ಹಳದಿ ಅಕ್ಷರ ಎಲ್ಲ ಕಡೆ ಒಂದೇ ಆದ್ದರಿಂದ ಒಳಗಿನದೂ ಒಂದೇ ಎಂದುಕೊಳ್ಳುವುದು ಸಹಜ. ಹಾಗಾಗಿ ವಿಮಾನ ಹತ್ತುವ ಮುಂಚೆಯೇ ಆಯಾ ದೇಶದ ಕಂಪನಿಯ ಪದಾರ್ಥ ಪಟ್ಟಿ ತೆಗೆದು ಓದಿಕೊಳ್ಳುವುದು ಅಂಕಣಕಾರ್ತಿಯ ಮನೆಯ ಪದ್ಧತಿ. ಅಮೆರಿಕದಲ್ಲಿ ಆಕೆಯ ಆಯ್ಕೆ ಟ್ಯಾಕೊ ಬೆಲ್ ಚೈನ್‌ನ ಬೀನ್ಸ್ ಬರಿಟೊ. ಅಲ್ಲಿನ ಹಲವು ತಿನಿಸುಗಳಿಗೆ ಅಮೆರಿಕನ್ ವೆಜಿಟೇರಿಯನ್ ಅಸೋಸಿಯೇಷನ್ನಿನ ಪ್ರಮಾಣಪತ್ರವಿದೆ, ಬೆಲೆಯೂ ಕೈಗೆಟುಕುತ್ತದೆ.

ಸಿಂಗಪುರದಲ್ಲಿ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಅಮೆರಿಕದ ಚೈನ್‌ಗಿಂತ ಅಗ್ಗದಲ್ಲಿ, ಅದಕ್ಕಿಂತ ಎಷ್ಟೋ ಚೆನ್ನಾಗಿ ಉಣ್ಣಬಹುದು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನ ಕೆಳ ಅಂತಸ್ತಿಗೆ ಹೋದರೆ ಸಾಲುಸಾಲು ಮಳಿಗೆ. ಕಾದ ಕಾವಲಿಯ ಮೇಲೆ ದೋಸೆ ಹುಯ್ಯುವ ಸದ್ದು, ಪಕ್ಕದ ಮಳಿಗೆಯಲ್ಲಿ ಎತ್ತರದಿಂದ ಸುರಿದು ನೊರೆ ಎಬ್ಬಿಸುವ ತೇ ತಾರಿಕ್ ಚಹಾ, ನಡುವೆ ನೆಲಕ್ಕೆ ಕಚ್ಚಿ ಕೂರಿಸಿದ ಮೇಜುಗಳು. ಊಟಕ್ಕೆ ಕೂತವರಲ್ಲಿ ಕಟ್ಟಡ ಕಟ್ಟುವ ಕೂಲಿಯವರೂ ಇರುತ್ತಾರೆ, ಕುತ್ತಿಗೆಗೆ ಆಫೀಸಿನ ಕಾರ್ಡ್ ನೇತುಹಾಕಿಕೊಂಡವರೂ ಇರುತ್ತಾರೆ. ಹಾಕರ್ ಸೆಂಟರ್ ಎಂದು ಕರೆಯುವ ಇಂಥ ಮಳಿಗೆಸಾಲುಗಳ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದಿಬದಿಯ ಗಾಡಿಗಳನ್ನು ನೀರು, ಚರಂಡಿ, ಲೈಸೆನ್ಸ್ ಇರುವ ಸೂರಿನಡಿಗೆ ತಂದದ್ದು ಅಲ್ಲಿನ ಸರ್ಕಾರ. ಬಡವರಿಗೂ ಬಿಸಿ ಊಟ ಸಿಗಲಿ ಎಂದು ಒಂದು ನಗರ ಇಷ್ಟು ಮುತುವರ್ಜಿ ವಹಿಸಿರುವಾಗ, ಅದನ್ನು ಬಿಟ್ಟು ಬರ್ಗರ್ ಅಂಗಡಿಯ ಸರತಿಯಲ್ಲಿ ನಿಲ್ಲುವುದು ನಷ್ಟದ ವ್ಯಾಪಾರ ಎಂದೇ ಅಂಕಣಕಾರ್ತಿಯ ಅಭಿಪ್ರಾಯ.

ಸಿಂಗಪುರದ ಹವಾನಿಯಂತ್ರಿತ ಹೋಟೆಲುಗಳ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಚಿಹ್ನೆ ಕಂಡರೆ ಗಮನಿಸಬೇಕು. ಶೇಕಡಾ 10 ಸರ್ವಿಸ್ ಚಾರ್ಜ್, ಅದೂ ಸೇರಿದ ಮೊತ್ತದ ಮೇಲೆ 2024ರಿಂದ ಶೇಕಡಾ 9 ಜಿಎಸ್‌ಟಿ. ನೂರು ಡಾಲರಿನ ಊಟ 119 ಡಾಲರ್ 90 ಸೆಂಟ್ ಆಗುತ್ತದೆ. ಹಾಕರ್ ಮಳಿಗೆಯಲ್ಲಾಗಲಿ ಬರ್ಗರ್ ಚೈನ್‌ನಲ್ಲಾಗಲಿ ಫಲಕದಲ್ಲಿ ಬರೆದಷ್ಟೇ ಕೊಟ್ಟರಾಯಿತು. ಅಂದಹಾಗೆ, ಮನೆಯ ರುಚಿ ಬೇಕೆನಿಸಿದವರಿಗೆ ಸೆರಂಗೂನ್ ರಸ್ತೆಯಲ್ಲಿ 2013ರಿಂದ ನಮ್ಮ ಎಂಟಿಆರ್ ಇದೆ.

ತಿನ್ನುವ ಜಾಗ ಯಾವುದೇ ಇರಲಿ, ದುಡ್ಡು ಸೋರುವ ಇನ್ನೊಂದು ತೂತು ಕಾರ್ಡ್ ಯಂತ್ರದಲ್ಲಿದೆ. ಯುರೋಪಿನ ವಿಮಾನ ನಿಲ್ದಾಣವೊಂದರ ಕಾಫಿ ಅಂಗಡಿಯಲ್ಲಿ ಅಂಕಣಕಾರ್ತಿ ಕಾರ್ಡ್ ತೂರಿಸಿದಾಗ ಪರದೆಯ ಮೇಲೆ ಎರಡು ಆಯ್ಕೆ ಮೂಡಿದವು. ಎಡಕ್ಕೆ ಅಲ್ಲಿನ ಕರೆನ್ಸಿಯ ಮೊತ್ತ, ಬಲಕ್ಕೆ ರೂಪಾಯಿ. ಅವಳು ಓದುವಷ್ಟರಲ್ಲಿ ಕೌಂಟರಿನ ಹುಡುಗ ತಾನೇ ಕೈಚಾಚಿ ರೂಪಾಯಿಯ ಗುಂಡಿ ಒತ್ತಿಬಿಟ್ಟ. ಪಿನ್ ಕೊಡದೆ ಅಲ್ಲೇ ರದ್ದು ಮಾಡಿಸಿ ಮತ್ತೆ ಹಾಕಿಸಬೇಕಾಯಿತು. ನಮ್ಮದೇ ರೂಪಾಯಿ ಕಂಡಾಗ ಮನಸ್ಸಿಗೆ ಹಿತವೆನಿಸುತ್ತದೆ. ಆದರೆ ಆ ಪರಿವರ್ತನೆಯ ದರವನ್ನು ಅಂಗಡಿಯ ಕಡೆಯ ಸಂಸ್ಥೆ ತನ್ನ ಲಾಭ ಸೇರಿಸಿ ನಿಗದಿ ಮಾಡಿರುತ್ತದೆ. ಅದು ಸಾಲದೆಂಬಂತೆ, ಹೊರದೇಶದಲ್ಲಿ ರೂಪಾಯಿಯಲ್ಲಿ ಆದ ವಹಿವಾಟಿಗೂ ನಮ್ಮ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಯಾವಾಗಲೂ ಆ ದೇಶದ ಕರೆನ್ಸಿಯನ್ನೇ ಒತ್ತಬೇಕು.

ಹಾಗೆ ಒತ್ತಿದರೂ ಸಾಧಾರಣ ಕ್ರೆಡಿಟ್ ಕಾರ್ಡಿನಲ್ಲಿ ಶೇಕಡಾ 3.5 ಮಾರ್ಕ್‌ಅಪ್, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುವುದುಂಟು. ಕೂಡಿದರೆ 4.13. ಒಂದು ಕಾಫಿಗೆ ಅದು ಗೊತ್ತೇ ಆಗುವುದಿಲ್ಲ. ಪ್ರವಾಸದುದ್ದಕ್ಕೂ ಊಟ ತಿಂಡಿಗೆ 60,000 ರೂಪಾಯಿ ಕಾರ್ಡಿನಲ್ಲಿ ಹೋದರೆ 2,478 ರೂಪಾಯಿ ಸುಮ್ಮನೆ ಕಳೆಯಿತು. ಮಾರ್ಕ್‌ಅಪ್ ಇಲ್ಲದ ಕಾರ್ಡುಗಳು ಈಗ ಸಿಗುತ್ತವೆ. ಹೊರಡುವ ಹೊತ್ತಿಗೆ ಕೈಗೆ ಬರುವಂತೆ ಮೊದಲೇ ಅರ್ಜಿ ಹಾಕಿಟ್ಟುಕೊಳ್ಳಬೇಕು.

ಈ ಅಂಕಣ ಬರೆಯುವ ಹೊತ್ತಿಗೆ ಅಂಕಣಕಾರ್ತಿಯ ಅತ್ತಿಗೆ ಮಕ್ಕಳ ಜೊತೆ ಪ್ಯಾರಿಸ್‌ಗೆ ಹೊರಟಿದ್ದಾರೆ. ಅಲ್ಲಿಯೂ ಬರ್ಗರ್ ಅಂಗಡಿಯೇ ಅಗ್ಗವೇನೆ ಎಂದು ಫೋನಿನಲ್ಲಿ ಕೇಳಿದರು. ಪ್ಯಾರಿಸ್ ನ್ಯೂಯಾರ್ಕಿನ ಹಾಗಲ್ಲ, ಜ್ಯೂರಿಕ್‌ನ ಹಾಗೂ ಅಲ್ಲ. ಫ್ರಾನ್ಸಿನಲ್ಲಿ ಮೆನುವಿನ ಬೆಲೆಯಲ್ಲೇ ತೆರಿಗೆ, ಸರ್ವಿಸ್ ಎರಡೂ ಸೇರಿರಬೇಕೆಂಬ ನಿಯಮವಿದೆ, ಮೇಲೆ ಟಿಪ್ಸ್ ಕೊಡುವುದು ನಮ್ಮಿಷ್ಟ. ಊಟದ ಜೊತೆ ನಲ್ಲಿಯ ನೀರನ್ನು ಪುಕ್ಕಟೆ ಕೊಡಲೇಬೇಕು. ಅದು ಪುಕ್ಕಟೆ ಎಂದು ಮೆನುವಿನಲ್ಲೋ ಫಲಕದಲ್ಲೋ ಕಾಣಿಸಬೇಕೆಂದೂ 2022ರಿಂದ ಕಾನೂನಿದೆ. ಅತ್ತ ಅಮೆರಿಕದಂತೆ ಕೋಲಾವನ್ನು ಮತ್ತೆ ಮತ್ತೆ ಪುಕ್ಕಟೆ ತುಂಬಿಸಿಕೊಳ್ಳುವ ಅನುಕೂಲ ಅಲ್ಲಿ ಇಲ್ಲ. ಜನರ ಆರೋಗ್ಯಕ್ಕಾಗಿ 2017ರಲ್ಲೇ ಅದನ್ನು ನಿಷೇಧಿಸಿದರು. ಆದ್ದರಿಂದ ಅತ್ತಿಗೆಗೆ ಕೊಟ್ಟ ಸಲಹೆ ಇಷ್ಟು: ಬೆಳಿಗ್ಗೆ ಬೇಕರಿಯಲ್ಲಿ ಚೀಸ್ ಹಾಕಿದ ಬಾಗೆತ್ ಬ್ರೆಡ್ ಕಟ್ಟಿಸಿಕೊಂಡು ಹೊರಡಿ. ಮಧ್ಯಾಹ್ನ ಬಾಗಿಲಲ್ಲಿ ಮೆನು ಓದಿ, ದರ ಒಗ್ಗುವ ಸಣ್ಣ ಹೋಟೆಲಿನಲ್ಲಿ ಕೂತು ಆಮ್ಲೆಟ್ಟೋ ದೋಸೆಯಂಥ ಚೀಸ್ ಗಾಲೆಟ್ಟೋ ತಿನ್ನಿ. ಕೂತ ತಕ್ಷಣ ಬಾಟಲಿ ನೀರು ತರುವ ಮೊದಲೇ "ಕಾರಾಫ್ ದೋ", ಅಂದರೆ ಒಂದು ಹೂಜಿ ನಲ್ಲಿ ನೀರು, ಎಂದು ಕೇಳಿ.